ಊರು ಬಿಟ್ಟವರಿಗೆ ಮಾತ್ರ ಊರಿನ ಹೆಸರು: ‘ಪಡುಕೋಣೆ’ ಬಿಚ್ಚಿಡುವ ಲೆಕ್ಕ

ಪಡುಕೋಣೆ ಅಂದ ಕೂಡಲೇ ನಮ್ಮ ವಯಸ್ಸಿನವರಿಗೆ ದೀಪಿಕಾ ನೆನಪಾಗ್ತಾರೆ, ನಮ್ಮ ಅಪ್ಪ-ಅಮ್ಮಂದಿರಿಗೆ ಪ್ರಕಾಶ್. ಆದರೆ ಪಡುಕೋಣೆ ಮೊದಲಿಗೆ ಒಂದು ಊರು. ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿ, ಮರವಂತೆಗೆ ಹತ್ತಿರದಲ್ಲಿದೆ. ಬೈಂದೂರು ಪ್ರತ್ಯೇಕ ತಾಲೂಕಾಗುವ ಮೊದಲು ಅದು ಕುಂದಾಪುರ ತಾಲೂಕಿನಲ್ಲಿತ್ತು. ‘ಪಡು’ ಅಂದರೆ ಪಡುವಣ, ಪಶ್ಚಿಮ. ಕರಾವಳಿಯಲ್ಲಿ ಇಂಥ ಹೆಸರುಗಳು ಬೇಕಾದಷ್ಟಿವೆ: ಪಡುಬಿದ್ರಿಗೆ ಮೂಡಬಿದಿರೆ, ಪಡುಬೆಳ್ಳೆಗೆ ಮೂಡುಬೆಳ್ಳೆ. ಹಿಂದಿಯವರ ಕೈಗೆ ಸಿಕ್ಕಾಗ ಈ ‘ಪಡು’ ‘ಪಾದು’ ಆಗಿ, ಇಡೀ ಹೆಸರು ‘ಪಾದುಕೋಣ್’ ಆಯಿತು. ದಿಕ್ಕು ಸೂಚಿಸುತ್ತಿದ್ದ ಪದ ಅಲ್ಲಿಗೆ ಬರೀ ಸದ್ದಾಗಿ ಉಳಿಯಿತು.

ಈ ಅಡ್ಡಹೆಸರು ಬಹಳ ಅಪರೂಪದ್ದು. ಬೆಂಗಳೂರು, ಮುಂಬೈ, ಪುಣೆ, ಅಲ್ಲಿಂದಾಚೆಗೆ ವಿದೇಶ, ಹೀಗೆ ಹರಡಿಕೊಂಡಿರುವ ಒಂದಷ್ಟು ಕುಟುಂಬಗಳಿಗೆ ಮಾತ್ರ ಇದೆ. ನನಗೆ ಇದರಲ್ಲಿ ಆಸಕ್ತಿ ಸಿನಿಮಾದ ಕಾರಣಕ್ಕಲ್ಲ. ಸರ್‌ನೇಮ್ ಅಂದರೆ ತಲತಲಾಂತರದಿಂದ ರಕ್ತದಲ್ಲಿ ಹರಿದು ಬಂದದ್ದು ಅಂತ ನಾವು ಅಂದುಕೊಂಡಿರ್ತೀವಿ. ಪಡುಕೋಣೆ ಬೇರೆಯೇ ಕತೆ ಹೇಳುತ್ತೆ: ಯಾರು ಊರು ಬಿಟ್ಟರು, ಯಾವಾಗ ಬಿಟ್ಟರು, ಯಾವ ಸರ್ಕಾರದ ರಿಜಿಸ್ಟರ್‌ನಲ್ಲಿ ಹೆಸರು ಬರೆಸಿದರು ಅನ್ನುವ ಕತೆ.

ಊರಲ್ಲೇ ಇದ್ದರೆ ಊರಿನ ಹೆಸರು ಯಾಕೆ?

ಯೋಚನೆ ಮಾಡಿ ನೋಡಿ. ಪಡುಕೋಣೆಯಲ್ಲೇ ಇರುವ ಒಬ್ಬರನ್ನು ಅಕ್ಕಪಕ್ಕದ ಮನೆಯವರು ‘ಪಡುಕೋಣೆಯವರು’ ಅಂತ ಕರೆದರೆ ಏನು ಉಪಯೋಗ? ಅಲ್ಲಿ ಎಲ್ಲರೂ ಪಡುಕೋಣೆಯವರೇ. ಆ ಹೆಸರು ಕೆಲಸಕ್ಕೆ ಬರುವುದು ಮಂಗಳೂರಿಗೋ, ಮುಂಬೈಗೋ, ಮಲ್ಲೇಶ್ವರಕ್ಕೋ ಬಂದ ಮೇಲೆ. ಅಂದರೆ ಊರಿನ ಹೆಸರಿನ ಸರ್‌ನೇಮ್ ಒಂದು ಬಗೆಯಲ್ಲಿ ಊರು ಬಿಟ್ಟದ್ದರ ರಸೀದಿ.

ಇದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಇಟಲಿಯಲ್ಲಿ ‘ಜೆನೊವೇಸೆ’ ಅಂದರೆ ಜಿನೋವಾದವರು. ಜಿನೋವಾದೊಳಗೆ ಈ ಹೆಸರಿನಿಂದ ಯಾರನ್ನೂ ಗುರುತಿಸಲಾಗದು, ಹೊರಗೆ ಹೋದವರಿಗೇ ಅದು ಅಂಟಿಕೊಳ್ಳಬೇಕು. 16ನೇ ಶತಮಾನದಲ್ಲಿ ಟ್ರೆಂಟ್‌ನ ಧರ್ಮಸಭೆ ಚರ್ಚುಗಳು ಮದುವೆ, ದೀಕ್ಷಾಸ್ನಾನದ ದಾಖಲೆ ಇಡಲೇಬೇಕು ಅಂದ ಮೇಲೆ, ಅಲ್ಲಿಯವರೆಗೆ ಬಾಯಿಮಾತಿನಲ್ಲಿ ಬದಲಾಗುತ್ತಿದ್ದ ಹೆಸರುಗಳು ಕಾಗದದ ಮೇಲೆ ಗಟ್ಟಿಯಾಗತೊಡಗಿದವು. ನಮ್ಮಲ್ಲಿ ಅದೇ ಕೆಲಸವನ್ನು ಶಾಲೆಯ ದಾಖಲಾತಿ ಪುಸ್ತಕ, ಕೋರ್ಟು, ಕಂದಾಯ ಇಲಾಖೆಗಳು ಮಾಡಿದವು.

ಹೆಸರಿನ ಮುಂದೆಯೋ, ಹಿಂದೆಯೋ?

ಇಲ್ಲೊಂದು ಕುತೂಹಲದ ಸಂಗತಿ ಇದೆ. ಕನ್ನಡದಲ್ಲಿ ಒಬ್ಬ ಲೇಖಕರಿದ್ದರು, ಪಡುಕೋಣೆ ರಮಾನಂದರಾಯರು. ಅವರಲ್ಲಿ ಊರು ಮೊದಲು, ಹೆಸರು ಆಮೇಲೆ. ಪ್ರಕಾಶ್ ಪಡುಕೋಣೆ ಅಂದಾಗ ಹೆಸರು ಮೊದಲು, ಊರು ಆಮೇಲೆ. ಇದೇ ಜೋಡಿ ಬೇರೆ ಕಡೆಯೂ ಸಿಗುತ್ತೆ. ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವರಾಯರು (ನಮ್ಮ ಸದಾಶಿವನಗರ ಅವರ ಹೆಸರಿನದ್ದೇ) ಮತ್ತು ನಾಟಕಕಾರ ಗಿರೀಶ್ ಕಾರ್ನಾಡ್. ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ ಮತ್ತು ನಿರ್ದೇಶಕ ಶ್ಯಾಮ್ ಬೆನಗಲ್.

ಊರು ಮುಂದಿನಿಂದ ಹಿಂದಕ್ಕೆ ಹೋದದ್ದು ಹೇಗೆ? ಉತ್ತರದ ಒಂದು ದೊಡ್ಡ ಭಾಗ ಆಡಳಿತದ ನಕ್ಷೆಯಲ್ಲಿದೆ. ಬ್ರಿಟಿಷರ ಕಾಲದಲ್ಲಿ ಇಡೀ ಕೆನರಾ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. 1862ರಲ್ಲಿ ಉತ್ತರ ಕೆನರಾವನ್ನು ಬಾಂಬೆಗೆ ಸೇರಿಸಿದರು, ಕುಂದಾಪುರ ಮಾತ್ರ ದಕ್ಷಿಣ ಕೆನರಾದ ಜೊತೆ ಮದ್ರಾಸಿನಲ್ಲೇ ಉಳಿಯಿತು. ಭಟ್ಕಳ ಬಾಂಬೆ, ಪಕ್ಕದ ಕುಂದಾಪುರ ಮದ್ರಾಸ್. ಮದ್ರಾಸ್ ಮತ್ತು ಮೈಸೂರಿನ ರೂಢಿಯಲ್ಲಿ ಊರು, ಅಪ್ಪನ ಹೆಸರು ಎರಡೂ ಮುಂದೆ ಬಂದು ಇನಿಷಿಯಲ್ ಆಗ್ತವೆ. ಬಾಂಬೆಯ ರೂಢಿಯಲ್ಲಿ ಮೊದಲು ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಧಾರವಾಡ, ಬೆಳಗಾವಿ ಕಡೆಯವರಿಗೆ ಮೆಣಸಿನಕಾಯಿ, ಉಳ್ಳಾಗಡ್ಡಿಯಂಥ ಅಡ್ಡಹೆಸರುಗಳಿದ್ದು ಮಂಡ್ಯ, ಕೋಲಾರದವರಿಗೆ ಇಲ್ಲದಿರುವುದೂ ಬಹುಮಟ್ಟಿಗೆ ಇದರಿಂದಲೇ. ಗೌರೀಶ ಕಾಯ್ಕಿಣಿ, ಜಯಂತ ಕಾಯ್ಕಿಣಿ ಬಾಂಬೆ ಕಡೆಯ ಕರಾವಳಿಯವರು, ಅದಕ್ಕೇ ಅವರಲ್ಲಿ ಊರು ಕೊನೆಗೆ. ಗಿರೀಶ ಕಾರ್ನಾಡರು ಹುಟ್ಟಿದ್ದು ಮಾಥೇರಾನಿನಲ್ಲಿ, ಬೆಳೆದದ್ದು ಶಿರಸಿ, ಧಾರವಾಡಗಳಲ್ಲಿ. ಅದೂ ಬಾಂಬೆ ಸೀಮೆಯೇ.

ಹೊರಟವರು ಯಾರು?

ಪಡುಕೋಣೆ, ಕಾಯ್ಕಿಣಿ, ಕಾರ್ನಾಡ್, ಬೆನಗಲ್, ಇವೆಲ್ಲ ಮುಖ್ಯವಾಗಿ ಚಿತ್ರಾಪುರ ಸಾರಸ್ವತರ ಅಡ್ಡಹೆಸರುಗಳು. ಮನೆಯಲ್ಲಿ ಕೊಂಕಣಿ, ಬರವಣಿಗೆಗೆ ಕನ್ನಡ ಬಳಸುತ್ತಾ ಬಂದ ಸಣ್ಣ ಸಮುದಾಯ ಅದು. ಇವರ ಗುರುಪರಂಪರೆ ಶುರುವಾದದ್ದು 1708ರಲ್ಲಿ, ಮಠ ಭಟ್ಕಳ ತಾಲೂಕಿನ ಶಿರಾಲಿಯಲ್ಲಿದೆ. ಕರಾವಳಿಯ ಹಳ್ಳಿಗಳಲ್ಲಿ ಶಾನುಭೋಗಿಕೆ, ಅಂದರೆ ಊರಿನ ಜಮೀನು ಮತ್ತು ಕಂದಾಯದ ಲೆಕ್ಕ ಬರೆಯುವ ಕೆಲಸ, ಇವರಲ್ಲಿ ಅನೇಕರ ಕೈಯಲ್ಲಿತ್ತು. ಫ್ರಾಂಕ್ ಕಾನ್ಲನ್ ಎಂಬ ಅಮೆರಿಕದ ಇತಿಹಾಸಕಾರ ಈ ಒಂದು ಸಮುದಾಯದ ಮೇಲೆಯೇ 1977ರಲ್ಲಿ ಪುಸ್ತಕ ಬರೆದಿದ್ದಾರೆ.

ಲೆಕ್ಕ ಬರೆಯುವವರಿಗೆ ಹೊಸ ಸರ್ಕಾರ ಬಂದಾಗ ಇಂಗ್ಲಿಷ್ ಕಲಿಯುವುದು ಮುಂದಿನ ಹೆಜ್ಜೆ ಅಷ್ಟೇ. ಮಂಗಳೂರು, ಮದ್ರಾಸ್, ಬಾಂಬೆಗಳಲ್ಲಿ ಗುಮಾಸ್ತರು, ವಕೀಲರು, ಡಾಕ್ಟರುಗಳಾದರು. ಬಾಂಬೆಯಲ್ಲಿ 1906ರಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕ್ ಶುರುವಾಯಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಬಂತು. ಹಳ್ಳಿಯಿಂದ ಬಂದವರಿಗೆ ಪಟ್ಟಣದಲ್ಲಿ ಸಾಲ, ಮನೆ, ನೆಂಟಸ್ತಿಕೆ ಎಲ್ಲವೂ ಒಂದೇ ಬಲೆಯೊಳಗೆ ಸಿಕ್ಕವು.

ಬೆಂಗಳೂರಿನಲ್ಲಿ ಆ ಬಲೆಯ ಒಂದು ಗಂಟು ಮಲ್ಲೇಶ್ವರದಲ್ಲಿದೆ. ಅಲ್ಲಿನ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ, ಮದುವೆ ಇಲ್ಲದ ದಿನಗಳಲ್ಲಿ, ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತರು. ಅವರ ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. 1980ರಲ್ಲಿ ಪ್ರಕಾಶ್ ಆಲ್ ಇಂಗ್ಲೆಂಡ್ ಗೆದ್ದರು. ಅವರ ಪರಿಶ್ರಮವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಆದರೆ ಊರು ಬಿಟ್ಟು ಬಂದವರಿಗೆ ಪಟ್ಟಣದ ನಡುಮಧ್ಯೆ ತಮ್ಮದೇ ಒಂದು ಹಾಲ್ ಇರುವುದು, ಎಲ್ಲ ಜಾತಿಯ ವಲಸಿಗರಿಗೂ ಸಿಕ್ಕ ಅನುಕೂಲ ಅಲ್ಲ ಅನ್ನುವುದನ್ನೂ ಹೇಳಲೇಬೇಕು.

ಹೆಸರನ್ನು ಬಿಟ್ಟವರೂ ಇದ್ದಾರೆ. ಗುರುದತ್ 1925ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದಾಗ ಅವರು ವಸಂತಕುಮಾರ ಶಿವಶಂಕರ ಪಡುಕೋಣೆ. ತೆರೆಯ ಮೇಲೆ ಪಡುಕೋಣೆ ಇರಲಿಲ್ಲ. ಆ ಹೆಸರು ಕೇಳಿ ಅವರು ಬಂಗಾಳಿ ಅಂದುಕೊಂಡವರು ಇವತ್ತಿಗೂ ಸಿಗ್ತಾರೆ.

ಊರಲ್ಲಿ ಉಳಿದವರಿಗೆ ಏನು ಸಿಕ್ಕಿತು?

ನನಗೆ ನಿಜವಾದ ಪ್ರಶ್ನೆ ಇದು. ಕುಂದಾಪುರ, ಬೈಂದೂರು ಕಡೆಯ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿ: ಶೆಟ್ಟಿ, ಪೂಜಾರಿ, ಮೊಗವೀರ, ಖಾರ್ವಿ, ದೇವಾಡಿಗ, ಆಚಾರ್ಯ. ಗದ್ದೆ ಉತ್ತವರು, ಶೇಂದಿ ಇಳಿಸಿದವರು, ಮೀನು ಹಿಡಿದವರು, ಮರಗೆಲಸ ಮಾಡಿದವರು ದಾಖಲೆಗೆ ಬಂದದ್ದು ಜಾತಿಯ ಹೆಸರಿನಲ್ಲೇ. ಅಂಥವರೂ ಊರಿನ ಹೆಸರು ಇಟ್ಟುಕೊಂಡದ್ದುಂಟು, ಆದರೆ ಜಾತಿ ಹಿಂದೆಯೇ ಬಂತು. ಕಯ್ಯಾರ ಕಿಞ್ಞಣ್ಣ ರೈ ಅವರಲ್ಲಿ ಊರು ಮುಂದೆ, ‘ರೈ’ ಹಿಂದೆ. ಸಾರಸ್ವತರಲ್ಲಿ ಕಾಲಕ್ರಮೇಣ ‘ರಾವ್’ ಉದುರಿಹೋಗಿ, ಊರು ಅದರ ಜಾಗದಲ್ಲಿ ಕೂತಿತು. ಮೇಲ್ನೋಟಕ್ಕೆ ಅದು ಜಾತಿ ಹೇಳದ, ಬರೀ ಭೂಗೋಳ ಹೇಳುವ ಹೆಸರು.

ಹಾಗಾದರೆ ಊರಿನ ಹೆಸರು ಜಾತಿಯನ್ನು ಮರೆಮಾಡುತ್ತದಾ? ಅದು ಆ ಹೆಸರು ಯಾರ‍್ಯಾರ ಬಳಿ ಇದೆ ಅನ್ನುವುದರ ಮೇಲೆ ನಿಂತಿದೆ. ಮಹಾರಾಷ್ಟ್ರದ ‘ಕರ್’ ಹೆಸರುಗಳು ಎಲ್ಲ ಜಾತಿಗಳಲ್ಲೂ ಇವೆ. ಸಕ್ಪಾಲ್ ಮನೆತನದ ಬಾಬಾಸಾಹೇಬರ ಹೆಸರಿನ ಮೂಲ ರತ್ನಗಿರಿ ಜಿಲ್ಲೆಯ ಅಂಬಡವೆ ಅನ್ನುವ ಊರು. ಲತಾ ಅವರ ತಂದೆ ದೀನಾನಾಥರು ಗೋವಾದ ಮಂಗೇಶಿಯಿಂದ ಮಂಗೇಶ್ಕರ್ ಆದರು. ಅಲ್ಲಿ ಊರು ಹಲವರು ನಿಲ್ಲಬಹುದಾದ ನೆರಳು. ಪಡುಕೋಣೆಯಂಥ ಹೆಸರು ಹಾಗಲ್ಲ. ಅದನ್ನು ಹೊತ್ತು ಹೊರಗೆ ಬಂದದ್ದು ಒಂದೇ ಸಣ್ಣ ಸಮುದಾಯ. ಹಾಗಾಗಿ ಊರು ಹೇಳಿದ ಕೂಡಲೇ, ಗೊತ್ತಿರುವವರಿಗೆ ಜಾತಿಯೂ ಗೊತ್ತಾಗಿಬಿಡುತ್ತೆ. ಹೆಸರು ಅಪರೂಪವಾದಷ್ಟೂ ಅದರ ಜಾತಿ ಸ್ಪಷ್ಟ.

ಇನಿಷಿಯಲ್‌ಗಳ ಬಸವನಗುಡಿ

ನಾನು ಬಸವನಗುಡಿಯಲ್ಲಿ ಬೆಳೆದವಳು. ನನ್ನ ಹೆಸರಿಗೆ ಹಿಂದೆ ಏನೂ ಇಲ್ಲ, ಮುಂದೆ ಎರಡು ಅಕ್ಷರ ಇವೆ, ಒಂದು ಊರಿನದ್ದು, ಇನ್ನೊಂದು ಅಪ್ಪನದ್ದು. ಈ ಏರಿಯಾವೇ ಇನಿಷಿಯಲ್‌ಗಳ ಏರಿಯಾ. ಡಿವಿಜಿ ಅಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರ ‘ಎಚ್’ ಗೌರಿಬಿದನೂರು ತಾಲೂಕಿನ ಹೊಸೂರು. ಅವರು ಅಮೆರಿಕದ ಓಹಿಯೋಗೆ ಹೋಗಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದರು, ಹೊಸೂರು ಮಾತ್ರ ಒಂದೇ ಅಕ್ಷರವಾಗಿ ಮುಂದೆಯೇ ಉಳಿಯಿತು.

ಇನಿಷಿಯಲ್‌ನಿಂದ ಜಾತಿ ಮುಚ್ಚಿಹೋಯಿತು ಅಂತ ಹೇಳುತ್ತಿಲ್ಲ. ಅಯ್ಯ, ಅಯ್ಯಂಗಾರ್, ಗೌಡ, ರಾವ್ ಹೆಸರಿನ ಬಾಲದಲ್ಲಿ ಇದ್ದೇ ಇರ್ತಿದ್ದವು. ಬಾಲ ಇಲ್ಲದಿದ್ದರೆ ಬೇರೆ ದಾರಿ ಹುಡುಕ್ತಾರೆ. ಇದೇ ಏರಿಯಾದಲ್ಲಿ ಗೆಳತಿಯೊಬ್ಬಳ ಜೊತೆ ಬಾಡಿಗೆ ಮನೆ ನೋಡಲು ಹೋದಾಗ ಓನರ್ ಕೇಳಿದ್ದು, ‘ಫುಲ್ ನೇಮ್ ಏನಮ್ಮ?’ ಅವಳು ಹೇಳಿದಳು. ‘ಅದಲ್ಲ, ಪೂರ್ತಿ ಹೆಸರು.’ ಮತ್ತೆ ಅದನ್ನೇ ಹೇಳಿದಳು. ‘ನೀವು ಯಾವ ಕಡೆಯವರು?’ ಅಂದರು. ಊರು ಹೇಳಿದಳು. ಅದೂ ಸಾಲಲಿಲ್ಲ. ಕೊನೆಗೆ ‘ವೆಜ್ಜಾ?’ ಅನ್ನೋದಕ್ಕೆ ಬಂತು. ಮನೆ ಸಿಗಲಿಲ್ಲ. ಸರ್‌ನೇಮ್ ಇಲ್ಲದವರನ್ನು ಈ ಸಮಾಜ ನಾಲ್ಕು ಪ್ರಶ್ನೆ ಕೇಳಿ ಸರ್‌ನೇಮ್ ಇರುವವರನ್ನಾಗಿ ಮಾಡಿಕೊಳ್ಳುತ್ತೆ.

ಫಾರ್ಮ್ ಕೇಳುವುದು, ಗಣತಿ ಕೇಳಬೇಕಾದ್ದು

ಕಂಪ್ಯೂಟರ್ ಬಂದ ಮೇಲೆ ಈ ಕೆಲಸ ಫಾರ್ಮ್‌ಗಳಿಗೆ ಹೋಯಿತು. ‘ಲಾಸ್ಟ್ ನೇಮ್’ ಪಕ್ಕದ ಕೆಂಪು ನಕ್ಷತ್ರ ನಿಮಗೂ ಗೊತ್ತಿರುತ್ತೆ. ಅದನ್ನು ತುಂಬದೆ ಮುಂದಿನ ಪುಟ ಬರಲ್ಲ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರ ಅಮೆರಿಕದ ವೀಸಾ ಮೇಲೆ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬರುತ್ತೆ, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದಿತು. ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಆಗುತ್ತೆ ಅಂತ ಆಮೇಲೆ ಸ್ಪಷ್ಟನೆ ಬಂತು. ಗಲ್ಫಿಗೆ ಕೂಲಿ ಹುಡುಕಿ ಹೊರಟವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ನೂರೈವತ್ತು ವರ್ಷದ ಹಿಂದೆ ರಿಜಿಸ್ಟರ್ ಬರೆಯುವವರ ಮನೆಯಲ್ಲಿ ಹುಟ್ಟಿದವರಿಗೆ ಈ ಡಬ್ಬಿ ತುಂಬುವುದು ಸುಲಭ. ಉಳಿದವರು ಅಪ್ಪನ ಹೆಸರನ್ನೋ, ಜಾತಿಯನ್ನೋ ತಂದು ತುಂಬಬೇಕು.

ಈಗ ಜಾತಿ ಗಣತಿಯ ಹೊತ್ತಿನಲ್ಲಿ ಇದು ಇನ್ನೂ ಮುಖ್ಯ. 1931ರ ಗಣತಿಯಲ್ಲಿ ದಾಖಲಾದ ಜಾತಿಗಳು 4,147. 2011ರ ಸಾಮಾಜಿಕ ಆರ್ಥಿಕ ಜಾತಿ ಸಮೀಕ್ಷೆಯಲ್ಲಿ ಬಂದ ಹೆಸರುಗಳು 46 ಲಕ್ಷಕ್ಕೂ ಹೆಚ್ಚು, ಅಂತ ಕೇಂದ್ರ ಸರ್ಕಾರವೇ 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ಜಾತಿ, ಉಪಜಾತಿ, ಗೋತ್ರ, ಅಡ್ಡಹೆಸರು, ಕಾಗುಣಿತದ ವ್ಯತ್ಯಾಸ ಎಲ್ಲ ಒಂದೇ ಅಂಕಣದಲ್ಲಿ ಕಲಸಿಹೋಗಿದ್ದವು. ‘ಅಂಕಿಅಂಶ ನಂಬಲಾಗದು’ ಅನ್ನಲು ಅದೇ ನೆಪವಾಯಿತು. ಜಾತಿವಾರು ಲೆಕ್ಕ ಹೊರಗೆ ಬರಲೇ ಇಲ್ಲ.

ಅಡ್ಡಹೆಸರು ನೋಡಿ ಜಾತಿ ಊಹಿಸುವುದು ಗಣತಿ ಆಗಲ್ಲ. ನೇರವಾಗಿ ಜಾತಿ ಕೇಳಬೇಕು, ಪೂರ್ವಸಿದ್ಧ ಪಟ್ಟಿಯಿಂದ ಆಯ್ದು ಬರೆದುಕೊಳ್ಳಬೇಕು, ಅದರ ಜೊತೆ ಜಮೀನು, ಓದು, ಉದ್ಯೋಗವನ್ನೂ ಕೇಳಬೇಕು. ಬಾಡಿಗೆ ಮನೆಯ ಓನರ್ ಕೇಳಬಾರದ್ದು, ಸರ್ಕಾರ ಕೇಳಲೇಬೇಕಾದ್ದು ಎರಡೂ ಒಂದೇ ಪ್ರಶ್ನೆ. ಓನರ್ ಕೇಳುವುದು ಹೊರಗಿಡಲು, ಸರ್ಕಾರ ಕೇಳಬೇಕಾದ್ದು ಹೊರಗುಳಿದವರು ಯಾರು ಅಂತ ತಿಳಿಯಲು. ಇನ್ನು ಪಾಸ್‌ಪೋರ್ಟ್, ಪರೀಕ್ಷೆ, ಬ್ಯಾಂಕಿನ ಫಾರ್ಮ್‌ಗಳಿಗೆ ‘ಹೆಸರು’ ಅನ್ನುವ ಒಂದು ಡಬ್ಬಿ ಸಾಕು.