ರೊಕ್ಕ ನಮ್ಮದು, ಚಿತ್ರ ಯಾರದು?

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆ ವಿಡಿಯೋದವನನ್ನು ಗೊತ್ತು ಮಾಡಲು ಕಾಗದ-ಪತ್ರ ಬೇಕಾಗಿಲ್ಲ. ಮದುವೆ ಇರಲಿ, ಹೊಸ ಅಂಗಡಿಯ ಪೂಜೆ ಇರಲಿ, ಸಂಚಕಾರ ಕೊಟ್ಟರೆ ಮುಗಿಯಿತು. ಊಟದ ಪಂಕ್ತಿಯಲ್ಲಿ ಅವನನ್ನೂ ಕೂಡ್ರಿಸುತ್ತೇವೆ, ಪೆನ್‌ಡ್ರೈವ್ ಕೈಗೆ ಬಂದ ಮೇಲೆ ಬಾಕಿ ಚುಕ್ತಾ ಮಾಡುತ್ತೇವೆ. ಅವನ ಅಂಗಡಿ ಗೊತ್ತು, ಅವನ ಅಪ್ಪ ಗೊತ್ತು. ಆ ಗುರುತೇ ಕರಾರು. ಇದೇ ರೂಢಿಯನ್ನು ಚೀನಾಕ್ಕೆ ಒಯ್ದರೆ ಏನಾಗುತ್ತದೆ ಎಂಬುದನ್ನು, ಟವೆಲ್ ವ್ಯಾಪಾರದ ನಿಮಿತ್ತ ಅಲ್ಲಿಗೆ ಹೋಗಿ ಬರುವ ನಾನು ಹತ್ತಿರದಿಂದ ಕಂಡಿದ್ದೇನೆ.

ನಮ್ಮ ಕಡೆಯವರು ಹೆಚ್ಚಾಗಿ ಹೋಗುವುದು ಗುವಾಂಗ್‌ಝೌ ನಗರಕ್ಕೆ. ಅದರ ಹಳೆಯ ಹೆಸರು ಕ್ಯಾಂಟನ್. ಅಲ್ಲಿಯ ಕ್ಯಾಂಟನ್ ಮೇಳ 1957ರಿಂದ ನಡೆದುಬಂದಿದೆ. ವಸಂತದಲ್ಲಿ ಒಂದು, ಶರತ್ತಿನಲ್ಲಿ ಒಂದು, ಹೀಗೆ ವರ್ಷಕ್ಕೆ ಎರಡು ಸಲ. ಪ್ರತಿ ಸಲ ಮೂರು ಹಂತ. ಯಂತ್ರಗಳು ಮೊದಲ ಹಂತದಲ್ಲಿ, ಬಟ್ಟೆ-ಬರೆ ಕೊನೆಯ ಹಂತದಲ್ಲಿ. 2020ರಲ್ಲಿ ಕೋವಿಡ್ ಬಂದು ಮೇಳ ಇಂಟರ್ನೆಟ್ಟಿಗೆ ಸರಿದಿತ್ತು. 2023ರ ವಸಂತದಿಂದ ಮತ್ತೆ ಮೊದಲಿನಂತೆ ಜನ ಸೇರುತ್ತಿದ್ದಾರೆ. 2020ರಲ್ಲಿ ನಿಂತಿದ್ದ ನೇರ ವಿಮಾನವೂ 2025ರ ಅಕ್ಟೋಬರಿನಲ್ಲಿ ಕೋಲ್ಕತ್ತಾದಿಂದ ಮತ್ತೆ ಶುರುವಾಯಿತು. ಹೋಗುವವರಿಗೆ ಈಗ ಹಾದಿ ಸಲೀಸು. ಹೋದವರು ಮೇಳದ ವಾರದಲ್ಲಿ ಹೋಟೆಲ್ಲಿನ ಹಾಲ್ ಹಿಡಿದು ಗಿರಾಕಿಗಳ ಸಭೆ ಕರೆಯುತ್ತಾರೆ, ಅಲ್ಲಿಯ ವಿಡಿಯೋದವರನ್ನು ಬಾಡಿಗೆಗೆ ಹಿಡಿದು ಚಿತ್ರ ತೆಗೆಸುತ್ತಾರೆ. ಊರಿಗೆ ಬಂದ ಮೇಲೆ ಉಳಿದ ಗಿರಾಕಿಗಳಿಗೆ ತೋರಿಸಲು ಅದು ಬೇಕೇ ಬೇಕು.

ಒಬ್ಬರ ಕತೆ

ನನ್ನ ಪರಿಚಯದ ಕಾರ್ಖಾನೆಯವರೊಬ್ಬರು ಇಂಥದೇ ಒಂದು ಸಭೆ ಮಾಡಿದರು. ಜಕಾರ್ಡ್ ಮಗ್ಗದಲ್ಲಿ ನೇಯ್ದ ಹೊಸ ನಮೂನೆಯ ಟವೆಲ್ಲುಗಳನ್ನು ಆಯ್ದ ಗಿರಾಕಿಗಳಿಗೆ ಮಾತ್ರ ತೋರಿಸಿದರು. ಚಿತ್ರ ತೆಗೆದವನು ಹುಷಾರಿ, ಕೆಲಸ ಚೊಕ್ಕ. ರೇಟು ಮಾತಾಡಿದ್ದು ಫೋನಿನಲ್ಲಿ, ಸಂಚಕಾರ ಹೋದದ್ದೂ ಫೋನಿನಲ್ಲಿ. ನಾಲ್ಕು ತಿಂಗಳ ಮೇಲೆ ನೋಡಿದರೆ, ಆ ನಮೂನೆಗಳು ಎಳೆ ಎಳೆ ಕಾಣುವಷ್ಟು ಹತ್ತಿರದಿಂದ, ವಿಡಿಯೋದವನ ಸ್ವಂತ ಜಾಹೀರಾತಿನಲ್ಲಿ ಓಡುತ್ತಿವೆ! ಕೇಳಿದರೆ, "ಚಿತ್ರದ ಹಕ್ಕು ನಮ್ಮದು, ನಿಮ್ಮದೆಂದು ಎಲ್ಲಿ ಬರೆದಿದೆ?" ಎಂದು ದುಭಾಷಿಯ ಬಾಯಿಂದ ಉತ್ತರ ಬಂತು.

ನಮ್ಮವರಿಗೆ ಸಿಟ್ಟು ತಡೆಯಲಿಲ್ಲ. "ರೊಕ್ಕ ಕೊಟ್ಟಾಂವ ನಾನು, ಟವೆಲ್ ನಂದು, ಹಾಲಿನ ಬಾಡಿಗಿ ನಂದು. ಚಿತ್ರ ಅಂವಂದು ಹೆಂಗ ಆತ್ರೀ?" ಎಂದು ನನ್ನನ್ನೇ ಕೇಳಿದರು. ಬಹಳ ಕೇಳಿಕೊಂಡ ಮೇಲೆ ಅವನು ಆ ತುಣುಕು ತೆಗೆದುಹಾಕಿದ. ಆದರೆ ಅಷ್ಟರಲ್ಲಿ ಅದನ್ನು ಎಷ್ಟು ಮಂದಿ ನೋಡಿದ್ದರೋ! ಒಂದು ನಮೂನೆ ಕೂಡಿಸಲು ಡಿಸೈನಿನವನಿಗೂ ಮಗ್ಗದವನಿಗೂ ವಾರಗಟ್ಟಲೆ ದುಡಿಮೆ. ಅದನ್ನು ನಂಬಿ ನೂಲು ತಂದವರ ಸಾಲ ಬೇರೆ.

ಎರಡು ದೇಶ, ಎರಡು ಕಾಯಿದೆ

ಅವರ ಪ್ರಶ್ನೆಗೆ ಉತ್ತರ ಕಾಯಿದೆಯಲ್ಲಿದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಫೋಟೋ ಅಥವಾ ಫಿಲ್ಮು ಮಾಡಿಸಿದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಮಾಡಿಸಿದವನೇ ಅದರ ಮೊದಲ ಒಡೆಯ. ಚೀನಾದ ಕಾಯಿದೆ ಇದಕ್ಕೆ ತಿರುವುಮುರುವು. 2021ರ ಜೂನ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಾದ ಕಾಯಿದೆಯ 19ನೇ ಕಲಮು ಹೇಳುವುದು ಇಷ್ಟು: ಹೇಳಿ ಮಾಡಿಸಿದ ಕೃತಿಯ ಹಕ್ಕು ಯಾರದೆಂದು ಕರಾರಿನಲ್ಲಿ ಬರೆಯಬೇಕು; ಸ್ಪಷ್ಟವಾಗಿ ಬರೆಯದಿದ್ದರೆ ಹಕ್ಕು ಮಾಡಿದವನದು. ಹಣ ಕೊಟ್ಟವನು ಯಾವ ಉದ್ದೇಶಕ್ಕೆ ಮಾಡಿಸಿದನೋ ಆ ಉದ್ದೇಶಕ್ಕೆ ಬಳಸಬಹುದು, ಒಡೆತನ ಮಾತ್ರ ಬರುವುದಿಲ್ಲ.

ಅಂದರೆ ಅಲ್ಲಿಯ ವಿಡಿಯೋದವನು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಬಾಯಿಮಾತು ನಮ್ಮನ್ನು ಕಾಯುತ್ತದೆ. ಅಲ್ಲಿ ಅದೇ ಬಾಯಿಮಾತು ನಮ್ಮ ಕೈ ಬಿಡುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ದೊಡ್ಡದು.

ಇನ್ನೊಂದು ಮಾತು. 2021ರ ಜನವರಿ 1ರಿಂದ ಜಾರಿಯಾದ ಚೀನಾದ ನಾಗರಿಕ ಸಂಹಿತೆಯಲ್ಲಿ ಪ್ರತಿಯೊಬ್ಬರ ಮುಖಚಿತ್ರಕ್ಕೂ ಹಕ್ಕಿದೆ. ಕಾರ್ಖಾನೆಯ ಕೆಲಸಗಾರರ, ಸಭೆಗೆ ಬಂದ ಗಿರಾಕಿಗಳ ಮುಖವನ್ನು ಜಾಹೀರಾತಿಗೆ ಬಳಸುವುದಾದರೆ ಅವರ ಒಪ್ಪಿಗೆ ಬೇಕು. ಒಪ್ಪಿಗೆ ಪಡೆಯುವ ಹೊಣೆ ಯಾರದು ಎಂಬುದನ್ನೂ ಬರೆಯಿರಿ.

ಕರಾರಿನಲ್ಲಿ ಏನಿರಬೇಕು?

ನಾನು ಈಗ ಒಂದೇ ಹಾಳೆಯ ಕರಾರು ಇಟ್ಟುಕೊಂಡಿದ್ದೇನೆ. ಎಡಕ್ಕೆ ಇಂಗ್ಲಿಷು, ಬಲಕ್ಕೆ ಚೀನೀ. ಎರಡೂ ತಾಳೆಯಾಗದಿದ್ದರೆ ಯಾವುದು ನಿಲ್ಲುತ್ತದೆ ಎಂಬುದೂ ಅದರಲ್ಲೇ ಇದೆ. ಗಡಿಯ ನಮಗೆ ಇದೇನು ಹೊಸದೇ? ಮನೆಯಲ್ಲಿ ಕನ್ನಡ, ಸಾತಬಾರಾ ಉತಾರೆ ಮರಾಠಿಯಲ್ಲಿ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬಾರದೆಂದು ನಮ್ಮ ಹಿರಿಯರು ಕಲಿಸಿಯೇ ಹೋಗಿದ್ದಾರೆ. ಚೀನೀ ಭಾಗವನ್ನು ವಿಡಿಯೋದವನ ದುಭಾಷಿಯಿಂದ ಓದಿಸಬೇಡಿ, ನಿಮ್ಮವನಿಂದ ಓದಿಸಿ.

ಹಾಳೆಯಲ್ಲಿ ಇಷ್ಟು ಇರಲಿ. ತೆಗೆದ ಚಿತ್ರವೆಲ್ಲ, ಎಡಿಟ್ ಆಗದ ಮೂಲ ಫೈಲು ಸಹಿತ, ನಮ್ಮದು. ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಜಾಹೀರಾತಿಗೆ ಬಳಸಕೂಡದು. ಅರ್ಧ ದಿನವೆಂದರೆ ಎಷ್ಟು ತಾಸು, ಮೇಲಿನ ತಾಸಿಗೆ ಎಷ್ಟು. ಕ್ಯಾಮೆರಾ ಎಷ್ಟು, ಆಳು ಎಷ್ಟು, ಹೋಗಿ-ಬರುವ ಖರ್ಚು ಯಾರದು. ಎಡಿಟಿಂಗ್ ದರದಲ್ಲೇ ಸೇರಿದೆಯೋ ಬೇರೆಯೋ, ಎಷ್ಟು ಸಲ ತಿದ್ದಿ ಕೊಡುತ್ತಾನೆ, ಯಾವ ದಿನ ಕೊಡುತ್ತಾನೆ. ಬಾಕಿ ಹಣ ಮೂಲ ಫೈಲು ಕೈಗೆ ಬಂದ ಮೇಲೆ.

ಸಹಿ ಒಂದೇ ಸಾಲದು. ಚೀನಾದಲ್ಲಿ ಕಂಪನಿಯ ಕೆಂಪು ದುಂಡು ಶಿಕ್ಕಾ ಬಿದ್ದರೇ ಕಾಗದಕ್ಕೆ ತೂಕ. ಹಾಗೆಯೇ 'ಫಾಪಿಯಾವ್' ಎಂಬ ಪಕ್ಕಾ ಬಿಲ್ಲು ಕೇಳಿ ಪಡೆಯಿರಿ. ಅದು ಅಲ್ಲಿಯ ತೆರಿಗೆ ಇಲಾಖೆಯ ಲೆಕ್ಕಕ್ಕೆ ಬರುವ ಬಿಲ್ಲು. "ಬಿಲ್ಲು ಬ್ಯಾಡಾದ್ರ ರೇಟು ಕಮ್ಮಿ" ಎನ್ನುವ ಮಾತು ಅಲ್ಲಿಯೂ ಉಂಟು. ಆದರೆ ಖರ್ಚು ತೋರಿಸಲು ನಮ್ಮ ಲೆಕ್ಕದವರಿಗೆ ಕಾಗದ ಬೇಕಲ್ಲ!

ಹೋಗದವರಿಗೂ ಉಪಯೋಗ

ಜತ್ತ ಕಡೆಯ ದಾಳಿಂಬೆ, ಒಣದ್ರಾಕ್ಷಿಯ ರೈತರು ಗ್ರೇಡಿಂಗ್ ಯಂತ್ರ ತರಿಸುವ ವಿಚಾರ ನನ್ನ ಹತ್ತಿರ ಮಾತಾಡುತ್ತಾರೆ. ಐದು ಮಂದಿ ಕೂಡಿ ಒಂದು ಯಂತ್ರ ತರಿಸುವಾಗ ಐದೂ ಮಂದಿ ಚೀನಾಕ್ಕೆ ಹೋಗಬೇಕಾಗಿಲ್ಲ. ಮಾರುವವನು ಕಳಿಸಿದ ವಿಡಿಯೋವನ್ನು ನಂಬಬೇಕಾಗಿಯೂ ಇಲ್ಲ. ನಿಮ್ಮ ಖರ್ಚಿನಲ್ಲಿ ನಿಮ್ಮ ವಿಡಿಯೋದವನನ್ನು ಕಾರ್ಖಾನೆಗೆ ಕಳಿಸಿ. ಮೊದಲು ಯಂತ್ರದ ಫಲಕ ಮತ್ತು ನಂಬರು, ಅಲ್ಲಿಂದ ನಡುವೆ ಕತ್ತರಿಸದೆ ಯಂತ್ರ ಅರ್ಧ ತಾಸು ಓಡುವುದು, ಪಕ್ಕದಲ್ಲಿ ಗಡಿಯಾರ, ಆಮೇಲೆ ಪ್ಯಾಕಿಂಗು, ಕೊನೆಗೆ ಕಂಟೇನರಿನ ನಂಬರು ಮತ್ತು ಸೀಲಿನ ನಂಬರು. ಏನೇನು ತೆಗೆಯಬೇಕೆಂಬ ಯಾದಿಯನ್ನು ಚೀನೀ ಭಾಷೆಯಲ್ಲಿ ಅವನ ಕೈಗೆ ಕೊಡಿ. ಕಾರ್ಖಾನೆಯವರ ಅನುಮತಿಯನ್ನೂ ಮುಂಚೆಯೇ ಪಡೆಯಿರಿ. ಮೇಳದ ಮಳಿಗೆಗಳಲ್ಲೂ ಕೇಳದೆ ಕ್ಯಾಮೆರಾ ತಿರುಗಿಸಬಾರದು. ನಕಲಿನ ಅಂಜಿಕೆ ಅವರಿಗೂ ಇದೆ.

"ನಮ್ಮೂರ ಹುಡುಗನ್ನ ಕರಕೊಂಡು ಹೋದ್ರ ಅಗ್ಗ ಆಗ್ತದಲ್ಲ?" ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಚೀನಾದ 2015ರ ನಿಯಮದ ಪ್ರಕಾರ ಜಾಹೀರಾತು, ಸಾಕ್ಷ್ಯಚಿತ್ರಗಳ ಚಿತ್ರೀಕರಣವೂ ಅಲ್ಪಾವಧಿ ಕೆಲಸದಲ್ಲಿ ಸೇರಿದೆ. 90 ದಿನದೊಳಗಿನ ಕೆಲಸವಾದರೂ ಕೆಲಸದ ವೀಸಾ ಬೇಕು. ಪ್ರವಾಸಿ ವೀಸಾ ಮೇಲೆ ಕರೆದೊಯ್ದರೆ ಹುಡುಗನಿಗೂ ತೊಂದರೆ, ನಿಮಗೂ ತೊಂದರೆ. ಡ್ರೋನಿನದೂ ಹಾಗೆಯೇ. 2024ರ ಜನವರಿ 1ರಿಂದ ಹೊಸ ನಿಯಮ ಬಂದಿದೆ. ಮಾಲೀಕನ ಹೆಸರಿನಲ್ಲಿ ನೋಂದಣಿ ಆಗಬೇಕು. 120 ಮೀಟರ್ ಮೇಲೆ, ವಿಮಾನ ನಿಲ್ದಾಣದ ಸುತ್ತ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಆ ಕೆಲಸ ಅಲ್ಲಿಯ ಪರವಾನಗಿಯವರಿಗೇ ಇರಲಿ.

ಊರಿಗೆ ಮರಳುವಾಗ ಫೈಲು ಕೈಯಲ್ಲೇ ಇರಬೇಕು. ಗೂಗಲ್, ಯೂಟ್ಯೂಬ್, ವಾಟ್ಸಾಪ್ ಅಲ್ಲಿ ತೆರೆಯುವುದಿಲ್ಲ. ವಿಚಾಟ್‌ನಲ್ಲಿ ಕಳಿಸಿದ ಚಿತ್ರ ಹಿಂಡಿ ಹೋಗಿರುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ತೆಗೆದರೆ ಒಂದು ತಾಸಿನ ಚಿತ್ರಕ್ಕೇ 45 ಜಿಬಿ ಜಾಗ ಬೇಕು. ಆದ್ದರಿಂದ ಎರಡು ಹಾರ್ಡ್‌ಡಿಸ್ಕ್ ಒಯ್ಯಿರಿ, ಎರಡರಲ್ಲೂ ನಕಲು ಮಾಡಿಸಿಕೊಳ್ಳಿರಿ, ಹೋಟೆಲ್ ಬಿಡುವ ಮೊದಲು ತೆರೆದು ನೋಡಿರಿ.

ಬರುವ ಮೇಳಕ್ಕೆ ಹೋಗುವವರು ಈ ಕರಾರನ್ನು ಟಿಕೇಟು ತೆಗೆಸುವ ಮೊದಲೇ ಮುಗಿಸಿಕೊಳ್ಳಲಿ. ಮೇಳದ ವಾರ ಬಂತೆಂದರೆ ಒಳ್ಳೆಯ ಕ್ಯಾಮೆರಾದವರೆಲ್ಲ ಕೆಲಸಕ್ಕೆ ಹತ್ತಿರುತ್ತಾರೆ. ಆಗ ಸಿಕ್ಕವನ ಮುಂದೆ ಕಾಗದ ಚಾಚಿ ಷರತ್ತು ಹಾಕುವ ತಾಕತ್ತು ನಮಗೆ ಉಳಿಯುವುದಿಲ್ಲ.