ಚಾರ್ಮಿನಾರ್ ರೂಪಾಯಿಗೆ ಹುಣಸೆಹಣ್ಣು ಬೇಡ

ಲಿಂಗಂಪಲ್ಲಿ: ದೀಪಾವಳಿ ಅಮಾವಾಸ್ಯೆಯ ಲಕ್ಷ್ಮೀ ಪೂಜೆಗೆ ಇನ್ನೆರಡು ದಿನ ಇದೆ ಎನ್ನುವಾಗ ಇಲ್ಲಿನ ಎಷ್ಟೋ ಕನ್ನಡಿಗರ ಮನೆಗಳಲ್ಲಿ ದೇವರ ಕೋಣೆಯ ಹಳೆಯ ಡಬ್ಬಿಯೊಂದು ಹೊರಗೆ ಬರುತ್ತದೆ. ಅದರೊಳಗೆ ನಾಲ್ಕಾರು ಚಾರ್ಮಿನಾರ್ ರೂಪಾಯಿ, ಒಂದೆರಡು ರಾಣಿ ಛಾಪಿನ ರೂಪಾಯಿ, ಎರಡನೇ ಮಹಾಯುದ್ಧದ ಕಾಲದ ತೂತಿನ ಕಾಸು, ಹಳೇ ಮೈಸೂರು ಕಡೆಯವರ ಮನೆಯಾದರೆ ಆನೆ ಇರುವ ತಾಮ್ರದ ಬಿಲ್ಲೆ. ನೆನೆಸಿದ ಹುಣಸೆಹಣ್ಣು, ಚಿಟಿಕೆ ಉಪ್ಪು, ಮೇಲೆ ವಿಭೂತಿ ಅಥವಾ ಪೀತಾಂಬರಿ ಪುಡಿ. ಹತ್ತು ನಿಮಿಷ ತಿಕ್ಕಿದರೆ ನಾಣ್ಯ ಫಳಫಳ. ಕಪ್ಪು ನೀರು ಬಚ್ಚಲಿಗೆ.

ಆ ಕಪ್ಪು ನೀರಿನ ಜೊತೆ ಏನೇನು ಹೋಗುತ್ತದೆ ಎಂಬುದೇ ನಾಣ್ಯ ಸಂಗ್ರಹದ ಹವ್ಯಾಸ ಹತ್ತಿಸಿಕೊಂಡವರ ಮನೆಗಳಲ್ಲಿ ಈಗ ಚರ್ಚೆಯ ವಿಷಯ. ಹಬ್ಬದ ಸಮಯದಲ್ಲಿ ಅದು ಜಗಳವೂ ಆಗುವುದುಂಟು.

(ಹೈದರಾಬಾದಿನಲ್ಲಿ ಎರಡು ಲಿಂಗಂಪಲ್ಲಿಗಳಿವೆ. ಕಾಚಿಗುಡ, ಬರ್ಕತ್‌ಪುರ ಕಡೆಯದು ಒಂದು. ರೈಲು ನಿಲ್ದಾಣವಿರುವ, ಬಿ.ಎಚ್.ಇ.ಎಲ್. ಹತ್ತಿರದ ಇದು ಇನ್ನೊಂದು. ಆಟೋದವರಿಗೆ ಹೇಳುವಾಗ ಹೊಸಬರು ಎಡವುವುದು ಇದ್ದದ್ದೇ.)

ಈ ಭಾಗದ ಕನ್ನಡಿಗರ ಮನೆಗಳಲ್ಲಿ ಚಾರ್ಮಿನಾರ್ ರೂಪಾಯಿ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಲಿಂಗಂಪಲ್ಲಿಯ ಮೇಲೆ ಹಾದು ವಿಕಾರಾಬಾದ್, ತಾಂಡೂರು, ವಾಡಿ ಕಡೆಗೆ ಹೋಗುವ ರೈಲಿನಲ್ಲಿ ಓಡಾಡಿದ ಹಿರಿಯರ ಕಿಸೆಯಲ್ಲಿ ಎರಡು ಬಗೆಯ ರೂಪಾಯಿ ಇರುತ್ತಿತ್ತು. ನಿಜಾಮರದ್ದು ಹಾಲಿ, ಬ್ರಿಟಿಷರದ್ದು ಕಲ್ದಾರ್. ಲೆಕ್ಕಕ್ಕೆ ಸುಮಾರು 7 ಹಾಲಿ ರೂಪಾಯಿಗೆ 6 ಕಲ್ದಾರ್. ಭಾರತದ ರೂಪಾಯಿ ಬಂದ ಮೇಲೂ ಹಾಲಿ ರೂಪಾಯಿ ಒಮ್ಮೆಲೇ ಮಾಯವಾಗಲಿಲ್ಲ. ಅದರ ಮಾನ್ಯತೆ ಅಧಿಕೃತವಾಗಿ ರದ್ದಾದದ್ದು 1959ರಲ್ಲಿ. ಬದಲಾಯಿಸದೆ ಉಳಿದವು ದೇವರ ಡಬ್ಬಿ ಸೇರಿದವು.

ಹೈದರಾಬಾದಿನ ಟಂಕಸಾಲೆ 1803ರಲ್ಲಿ ಸಿಕಂದರ್ ಜಾ ಕಾಲದಲ್ಲಿ ಆರಂಭವಾಯಿತು. 1895ರಲ್ಲಿ ಯಂತ್ರಗಳು ಬಂದವು. 1903ರಲ್ಲಿ ಸೈಫಾಬಾದಿಗೆ ಸ್ಥಳಾಂತರವಾಯಿತು. ಚಾರ್ಮಿನಾರ್ ಚಿತ್ರದ ರೂಪಾಯಿ ಬಂದದ್ದೂ ಆ ಹೊತ್ತಿಗೇ, ಮಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿ. ತೂಕ 11.178 ಗ್ರಾಂ. ಅದರಲ್ಲಿ ಬೆಳ್ಳಿ ಶೇ. 81.8, ಮಿಕ್ಕದ್ದು ಬೆರಕೆ ಲೋಹ. 1940ರ ದಶಕದಲ್ಲಿ ಬೆಳ್ಳಿ ಶೇ. 50ಕ್ಕೆ ಇಳಿಯಿತು. ಕಲ್ದಾರ್ ರೂಪಾಯಿಯ ಕಥೆಯೂ ಹೀಗೆಯೇ. 11.66 ಗ್ರಾಂ ತೂಕದಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ ಇದ್ದದ್ದು 1940ರಲ್ಲಿ ಅರ್ಧಕ್ಕೆ ಬಂತು.

ಬಾಗಿಲಿನ ಅಕ್ಷರ

ಈ ರೂಪಾಯಿಯನ್ನು ಲೆನ್ಸ್ ಹಿಡಿದು ನೋಡಿದವರಿಗೆ ಮಾತ್ರ ಕಾಣುವ ಒಂದು ಗುರುತಿದೆ. ಚಾರ್ಮಿನಾರದ ನಡುವಿನ ಕಮಾನಿನ ಬಾಗಿಲಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರ. ಅದು ‘ಮೀಮ್’ ಆಗಿದ್ದರೆ ಆರನೇ ನಿಜಾಮ ಮಹಬೂಬ್ ಅಲಿ ಖಾನ್ (1869-1911) ಅವರ ನಾಣ್ಯ. ‘ಐನ್’ ಆಗಿದ್ದರೆ ಏಳನೆಯ ಹಾಗೂ ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನ್ ಅವರದ್ದು. ಐನ್‌ನಲ್ಲೂ ಅರ್ಧ ಬರೆದದ್ದು, ಪೂರ್ತಿ ಬರೆದದ್ದು ಎಂದು ಎರಡು ಬಗೆ. ಕ್ಯಾಟಲಾಗುಗಳಲ್ಲಿ ಇವಕ್ಕೆ ಬೇರೆ ಬೇರೆ ಸಂಖ್ಯೆ. ಜೊತೆಗೆ ಹಿಜರಿ ವರ್ಷ, ಆಳ್ವಿಕೆಯ ವರ್ಷ, ‘ಫರ್ಖುಂದಾ ಬುನ್ಯಾದ್ ಹೈದರಾಬಾದ್’ ಎಂಬ ಟಂಕಸಾಲೆಯ ಹೆಸರು.

ತೆಂಗಿನ ನಾರು, ಬೂದಿ ಹಿಡಿದು ತಿಕ್ಕಿದಾಗ ಮೊದಲು ಸವೆಯುವುದು ಉಬ್ಬಿದ ಭಾಗ. ಅಕ್ಷರ, ಅಂಕಿ, ಮಿನಾರಿನ ತುದಿ ಎಲ್ಲವೂ ಉಬ್ಬಿದವೇ.

ಬೆಳ್ಳಿಯ ಮೇಲಿನ ಕಪ್ಪು ಹೊರಗಿನಿಂದ ಬಂದ ಕೊಳೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಗಾಳಿಯಲ್ಲಿನ ಗಂಧಕದ ಅನಿಲ ನಾಣ್ಯದ ಬೆಳ್ಳಿಯೊಂದಿಗೆ ಸೇರಿ ಆದ ಪದರ ಅದು. ಅಂದರೆ ಆ ಕಪ್ಪಿನಲ್ಲಿ ನಾಣ್ಯದ ಬೆಳ್ಳಿಯೇ ಇದೆ. ಅದನ್ನು ತಿಕ್ಕಿ ತೆಗೆದರೆ ಕೆಳಗಿನ ಹೊಸ ಬೆಳ್ಳಿ ಗಾಳಿಗೆ ತೆರೆದುಕೊಳ್ಳುತ್ತದೆ, ಮುಂದಿನ ದೀಪಾವಳಿಯ ಹೊತ್ತಿಗೆ ಅದೂ ಮಾಸುತ್ತದೆ, ಮತ್ತೆ ತಿಕ್ಕುವುದು. ಪಾಸ್‌ಬುಕ್ಕಿನ ಭಾಷೆಯಲ್ಲಿ ಹೇಳುವುದಾದರೆ, ಪ್ರತಿ ವರ್ಷ ಅಸಲಿನಿಂದಲೇ ಹಣ ತೆಗೆದು ಬಡ್ಡಿ ಬಂತೆಂದು ಸಂತೋಷಪಟ್ಟಂತೆ.

ತಾಮ್ರದ ವಿಷಯ ಇನ್ನೂ ಸೂಕ್ಷ್ಮ. ಹಳೆಯ ತಾಮ್ರದ ಕಾಸಿನ ಕಂದು ಬಣ್ಣ ಅದರ ರಕ್ಷಣೆಯ ಹೊದಿಕೆ. ಹುಣಸೆಯ ಹುಳಿ ಆ ಹೊದಿಕೆಯನ್ನು ಕರಗಿಸಿ ನಾಣ್ಯವನ್ನು ಹಸಿ ಗುಲಾಬಿ ಬಣ್ಣಕ್ಕೆ ತರುತ್ತದೆ. ಹುಳಿಯ ಜೊತೆ ಉಪ್ಪು ಹಾಕಿದರಂತೂ ಉಪ್ಪಿನ ಕ್ಲೋರೈಡ್ ಲೋಹದ ಸಣ್ಣ ರಂಧ್ರಗಳಲ್ಲಿ ಉಳಿದುಬಿಡುತ್ತದೆ. ಮಳೆಗಾಲದ ತೇವ ತಗುಲಿದಾಗ ಅಲ್ಲಿಂದ ತಿಳಿಹಸಿರು ಪುಡಿ ಉದುರಲು ಶುರುವಾಗುತ್ತದೆ. ಸಂಗ್ರಾಹಕರು ಇದನ್ನು ಕಂಚಿನ ರೋಗ ಎನ್ನುತ್ತಾರೆ. ಇದು ನಾಣ್ಯವನ್ನು ಒಳಗಿನಿಂದ ತಿನ್ನುತ್ತದೆ.

ಸವೆದದ್ದಕ್ಕೆ ಏನು ಭಯ?

ಇಲ್ಲಿ ಒಂದು ಪ್ರತಿವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಹೊಸದರಂತಿರುವ ನಾಣ್ಯವನ್ನು ಮುಟ್ಟಬಾರದು ಸರಿ, ಆದರೆ ನೂರು ಕೈ ದಾಟಿ ಸವೆದು ಹೋದ, ಬೆಳ್ಳಿಯ ತೂಕಕ್ಕಷ್ಟೇ ಬೆಲೆ ಬಾಳುವ ರೂಪಾಯಿಯನ್ನು ತೊಳೆದರೆ ಯಾರ ಗಂಟು ಹೋಗುತ್ತದೆ? ಬೆಳ್ಳಿ ಸರಾಫರ ತಕ್ಕಡಿಯಲ್ಲಿ ಎರಡಕ್ಕೂ ಒಂದೇ ದರ. ಹಣದ ಮಟ್ಟಿಗೆ ಈ ಮಾತು ಸುಳ್ಳಲ್ಲ.

ಆದರೆ ಸಂಗ್ರಹ ಮಾಡುವವರಿಗೆ ಸವೆದ ನಾಣ್ಯವೇ ಹೆಚ್ಚು ಎಚ್ಚರಿಕೆ ಬೇಡುವಂಥದ್ದು. ಅದರಲ್ಲಿ ಕಳೆದುಕೊಳ್ಳಲು ಮಿಕ್ಕಿರುವುದೇ ಕೂದಲೆಳೆಯಷ್ಟು. ಮೇಲಾಗಿ, ಸವೆದ ನಾಣ್ಯದ ತಗ್ಗುಗಳಲ್ಲಿ ಕುಳಿತ ಕಪ್ಪಿನಿಂದಲೇ ಅಕ್ಷರದ ಅಂಚು ಕಣ್ಣಿಗೆ ಬೀಳುವುದು. ಕಪ್ಪು ತೆಗೆದರೆ ಎಲ್ಲ ಒಂದೇ ಬಿಳುಪು. ಓದಲು ಆಗುತ್ತಿದ್ದದ್ದೂ ಓದಲಾಗುವುದಿಲ್ಲ. ಟಿಪ್ಪು ಸುಲ್ತಾನನ ಆನೆಯ ಪೈಸೆಯನ್ನೇ ತೆಗೆದುಕೊಳ್ಳಿ. ಅವನು ಮೌಲೂದಿ ಶಕೆ ಬಳಸಲು ಆರಂಭಿಸಿದ ಮೇಲಿನ ನಾಣ್ಯಗಳಲ್ಲಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಾಲ್ಕು ಅಂಕಿಗಳಲ್ಲಿ ಒಂದು ಅಳಿಸಿದರೂ ಲೆಕ್ಕ ತಪ್ಪುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲಿ ಕನ್ನಡದಲ್ಲಿ ಬರೆದ ಮೌಲ್ಯ ಓದಲು ಸಿಗುವುದೂ ಅದೃಷ್ಟವಿದ್ದರೆ. ಕನ್ನಡ ಅಕ್ಷರವಿರುವ ನಾಣ್ಯವನ್ನು ಕನ್ನಡಿಗರೇ ಬೂದಿ ಹಾಕಿ ಅಳಿಸುವುದು ಎಂಥ ಮಾತು!

ಬೇರೆ ನಾಣ್ಯಗಳಲ್ಲೂ ಹೀಗೆ ಸಣ್ಣ ಗುರುತಿನ ಮೇಲೆ ದೊಡ್ಡ ಕಥೆಗಳಿವೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ ವಿನ್ಯಾಸವನ್ನೇ ತಿದ್ದಿದರು. ಹಂದಿ ರೂಪಾಯಿ ಎಂದೇ ಅದಕ್ಕೆ ಹೆಸರು. ಪಾಲಿಶ್ ಮಾಡಿದ ಪ್ರತಿಯಲ್ಲಿ ಆನೆಯೂ ಇಲ್ಲ, ಹಂದಿಯೂ ಇಲ್ಲ.

ಮಾರುವವರಿಗೂ ಇದು ತಿಳಿದಿರಲಿ. ನಾಣ್ಯದ ಸ್ಥಿತಿಯನ್ನು ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಪಿ.ಸಿ.ಜಿ.ಎಸ್., ಎನ್.ಜಿ.ಸಿ. ಸಂಸ್ಥೆಗಳು ಒರಟಾಗಿ ತೊಳೆದ ನಾಣ್ಯಕ್ಕೆ ಪೂರ್ಣ ದರ್ಜೆ ಕೊಡುವುದಿಲ್ಲ, ‘ತೊಳೆದದ್ದು’ ಎಂದು ಬರೆಯುತ್ತವೆ. ತಿಕ್ಕಿದ ಗೆರೆಗಳನ್ನು ಮುಚ್ಚಲು ಕೃತಕವಾಗಿ ಕಪ್ಪು ಮಾಡಿ ಮಾರುವ ಚಾಲಾಕಿಗಳೂ ಇದ್ದಾರೆ. ಓರೆಯಾಗಿ ಬೆಳಕು ಬಿಟ್ಟು ನೋಡಿದರೆ ಒಂದೇ ದಿಕ್ಕಿನ ಸಣ್ಣ ಗೆರೆಗಳು ಗುಟ್ಟು ಹೇಳುತ್ತವೆ.

ಮೂರು ಆಯಿಗೆ, ನಾಲ್ಕು ಮೊಮ್ಮಗನಿಗೆ

ಬೀದರ್ ಜಿಲ್ಲೆಯಿಂದ ಬಂದು ನಿಲ್ದಾಣದ ಹತ್ತಿರವೇ ನೆಲೆಸಿದ ಒಂದು ಕುಟುಂಬದಲ್ಲಿ ಈ ವಿಷಯ ಹಬ್ಬದ ಮುನ್ನಾದಿನ ಕಾವೇರಿತ್ತು. ಡಬ್ಬಿಯಲ್ಲಿದ್ದದ್ದು ಏಳು ಚಾರ್ಮಿನಾರ್ ರೂಪಾಯಿ. ಕಾಲೇಜು ಓದುವ ಮೊಮ್ಮಗ ಅವನ್ನು ತೊಳೆಯಲು ಬಿಡುವುದಿಲ್ಲ ಎಂದು ಹಟ ಹಿಡಿದ.

‘ಆಯಿ, ನೀ ತಿಕ್ಕಿ ತಿಕ್ಕಿ ಅದು ಬರೇ ಬೆಳ್ಳಿ ತುಕಡಿ ಆಗ್ಯದ.’

‘ಲಕ್ಷ್ಮೀ ಮಾರಿಗಿ ಮಸಿ ಹಚ್ಚಿ ಕೂಡಸ್ಲಿಕ್ಕೆ ಬರ್ತದೇನೋ ತಮ್ಮಾ?’

ಇಬ್ಬರ ಮಾತೂ ಅವರವರ ಮಟ್ಟಿಗೆ ಸರಿ. ಕೊನೆಗೆ ಆಯಿಯೇ ದಾರಿ ಹುಡುಕಿದರು. ಏಳರಲ್ಲಿ ಮೂರನ್ನು ಆರಿಸಿಕೊಂಡರು. ಮದುವೆಯಲ್ಲಿ ಅವರ ಅತ್ತೆ ಉಡಿಯಲ್ಲಿ ಹಾಕಿದ್ದ ನಾಣ್ಯಗಳವು. ಅರವತ್ತಕ್ಕೂ ಹೆಚ್ಚು ದೀಪಾವಳಿ ಕಂಡು ನುಣುಪಾಗಿವೆ. ಬಾಗಿಲಿನ ಅಕ್ಷರ ಪೂರ್ತಿ ಅಳಿಸಿದೆ, ಹಿಜರಿ ವರ್ಷವೂ ಇಲ್ಲ, ಯಾವ ನಿಜಾಮರ ಕಾಲದ್ದೆಂದು ಇನ್ನು ಯಾರೂ ಹೇಳಲಾರರು. ‘ಇವು ನನ್ನೂವು, ನಾ ಇರೋ ತನಕ ತೊಳೀತೀನಿ’ ಎಂದರು. ಉಳಿದ ನಾಲ್ಕು ಮೊಮ್ಮಗನ ಪಾಲಾದವು. ಪೂಜೆಯ ದಿನ ಅವನ್ನು ತೊಳೆಯದೆ, ಕಾಗದದ ಹೊದಿಕೆಯಲ್ಲೇ ತಟ್ಟೆಯ ಪಕ್ಕದಲ್ಲಿಟ್ಟು ಅಕ್ಷತೆ ಹಾಕಿದ್ದಾಯಿತು. ಪೂಜೆಯ ನಾಣ್ಯಕ್ಕೆ ಪೂಜೆಯೇ ಬಾಳು. ಅದನ್ನು ಕ್ಯಾಟಲಾಗಿನ ಕಣ್ಣಿನಿಂದ ಅಳೆಯುವುದು ನ್ಯಾಯವಲ್ಲ. ಆದರೆ ಡಬ್ಬಿಯಲ್ಲಿರುವುದೆಲ್ಲ ಪೂಜೆಗೇ ಬೇಕೆಂದೂ ಇಲ್ಲ.

ತೊಳೆಯಲೇಬೇಕಾದಾಗ

ಎಂದೂ ಮುಟ್ಟಲೇಬಾರದು ಎನ್ನುವುದೂ ಅತಿಯಾಯಿತು. ಮಣ್ಣು, ಜಿಡ್ಡು ಮೆತ್ತಿದ ನಾಣ್ಯವನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿಡಬಹುದು. ಆಗಾಗ ನೀರು ಬದಲಾಯಿಸಿ, ಆಮೇಲೆ ಹತ್ತಿ ಬಟ್ಟೆಯಿಂದ ಒತ್ತಿ ನೀರು ತೆಗೆಯಬೇಕು, ಒರೆಸಬಾರದು. ಅಗ್ಗದ ಪಿ.ವಿ.ಸಿ. ಪ್ಲಾಸ್ಟಿಕ್ ಹಾಳೆಗಳ ಆಲ್ಬಂನಲ್ಲಿಟ್ಟ ನಾಣ್ಯಗಳ ಮೇಲೆ ವರ್ಷಗಳ ನಂತರ ಹಸಿರು ಅಂಟು ಕೂರುತ್ತದೆ. ಅದನ್ನು ಶುದ್ಧ ಅಸಿಟೋನ್‌ನಿಂದ ತೆಗೆಯಬೇಕು, ಕಿಟಕಿ ತೆರೆದು, ಒಲೆಯಿಂದ ದೂರ ಕುಳಿತು. ಎಣ್ಣೆ, ಸುಗಂಧ ಬೆರೆಸಿದ ಉಗುರು ಬಣ್ಣದ ರಿಮೂವರ್ ಇದಕ್ಕೆ ಆಗದು.

ತಿಳಿಹಸಿರು ಪುಡಿ ಉದುರುವ ತಾಮ್ರದ ನಾಣ್ಯವನ್ನು ಮೊದಲು ಉಳಿದವುಗಳಿಂದ ಬೇರ್ಪಡಿಸಬೇಕು. ಬೆಲೆಬಾಳುವಂಥದ್ದಾದರೆ ಮನೆಮದ್ದು ಬೇಡ, ಬಲ್ಲ ಸಂರಕ್ಷಣಾ ತಜ್ಞರಿಗೆ ತೋರಿಸಬೇಕು. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲೇ ಇದೆ.

ಊರಿನ ಹೊಲದಲ್ಲಿ ಉಳುವಾಗ ಸಿಕ್ಕ ನಾಣ್ಯದ ಮಾತು ಬೇರೆ. ಅದನ್ನು ತೊಳೆಯುವ ಪ್ರಶ್ನೆಗಿಂತ ಮೊದಲು 1878ರ ನಿಧಿ ಕಾಯ್ದೆ ಬರುತ್ತದೆ. ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಕಲೆಕ್ಟರರಿಗೆ ತಿಳಿಸಲೇಬೇಕು.

ಇಡುವ ಕ್ರಮ ಸುಲಭ. ಅಂಚು ಹಿಡಿದು ಎತ್ತುವುದು, ಪಿ.ವಿ.ಸಿ. ಅಲ್ಲದ ಮೈಲಾರ್ ಕಿಟಕಿಯ ರಟ್ಟಿನ ಚೌಕದಲ್ಲಿಡುವುದು, ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ. ರಬ್ಬರ್ ಬ್ಯಾಂಡ್ ಹಾಕಬಾರದು. ರಬ್ಬರಿನ ಗಂಧಕ ಬೆಳ್ಳಿಯನ್ನು ಬೇಗ ಕಪ್ಪಾಗಿಸುತ್ತದೆ.

ಮನೆಯ ನಾಣ್ಯ ಯಾವುದೆಂದು ತಿಳಿಯುವ ಆಸಕ್ತಿ ಇರುವವರು ಸೈಫಾಬಾದಿನ ಹಳೆಯ ಟಂಕಸಾಲೆಗೆ ಒಮ್ಮೆ ಹೋಗಿ ಬರಬಹುದು. ನಾಣ್ಯ ಅಚ್ಚು ಹಾಕುವ ಕೆಲಸ 1997ರಲ್ಲಿ ಚೆರ್ಲಪಲ್ಲಿಗೆ ಹೋದ ಮೇಲೆ ಖಾಲಿ ಬಿದ್ದಿದ್ದ ಆ ಕಟ್ಟಡದಲ್ಲಿ 2022ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಉಡುಪಿ ಕಡೆಗೆ ಹೋಗುವವರಿಗೆ ಅಲ್ಲಿ ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ರೂಪಿಸಿದ ನಾಣ್ಯ ಸಂಗ್ರಹಾಲಯವಿದೆ. ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು.

ಈಗಾಗಲೇ ತೊಳೆದಾಗಿದೆ, ಏನು ಮಾಡುವುದು ಎನ್ನುವವರೂ ಇದ್ದಾರೆ. ಹುಳಿ, ಉಪ್ಪು ಉಳಿಯದಂತೆ ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ನೆನೆಸಿ, ಪೂರ್ತಿ ಒಣಗಿಸಿ, ಕಾಗದದ ಲಕೋಟೆಯಲ್ಲಿಟ್ಟು ಸುಮ್ಮನಿರುವುದೊಂದೇ ಉಪಾಯ. ಗೆರೆಗಳು ಹೋಗುವುದಿಲ್ಲ, ಹೊಳಪು ಮಾತ್ರ ವರ್ಷಗಳು ಕಳೆದಂತೆ ತಾನಾಗಿಯೇ ಮಾಸಿ ಬೂದು ಬಣ್ಣಕ್ಕೆ ಬರುತ್ತದೆ.