35ರ ಗೆರೆ

ನಮ್ಮ ಸಂಸ್ಥೆಯಲ್ಲಿ ಪ್ರತಿವರ್ಷ ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಒಬ್ಬ ಯುವ ಸಂಶೋಧಕರನ್ನು ಗೌರವಿಸುತ್ತೇವೆ. ಒಂದು ಶಾಲು, ಒಂದು ಫಲಕ, ಲ್ಯಾಬಿನ ಖರ್ಚಿಗೆ ಒಂದಿಷ್ಟು ಹಣ. ಆಯ್ಕೆ ಸಮಿತಿಯಲ್ಲಿ ನಾನೂ ಒಬ್ಬ. ಹೈದರಾಬಾದಿಗೆ ಬಂದು ಹದಿನೆಂಟು ವರ್ಷವಾಯಿತು, ಈ ಕೆಲಸ ಯಾವತ್ತೂ ಭಾರ ಅನ್ನಿಸಿರಲಿಲ್ಲ. ಈ ಸಲ ಅನ್ನಿಸಿತು.

ಬಂದ ಅರ್ಜಿಗಳಲ್ಲಿ ಒಂದು ರಾಯಚೂರಿನ ಹುಡುಗಿಯದು. ಹುಡುಗಿ ಅಂದರೆ 36 ವರ್ಷ, ನಾಲ್ಕು ವರ್ಷದ ಮಗಳ ತಾಯಿ. ಔಷಧಕ್ಕೆ ಬಗ್ಗದ ಕ್ಷಯರೋಗದ ಮೇಲೆ ಕೆಲಸ. ವಯೋಮಿತಿ 35. ಕಚೇರಿಯವರು ಆಗಲೇ ಅರ್ಜಿಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ವೃತ್ತಿಯಲ್ಲಿ ಬಿಡುವು ಪಡೆದಿದ್ದರೆ ವಿವರಿಸಿ ಎಂಬ ಕಾಲಂ ಖಾಲಿ. ವಯಸ್ಸಿನ ಸಡಿಲಿಕೆಯೇ ಇಲ್ಲದ ನಿಯಮದಲ್ಲಿ ಆ ಕಾಲಂ ಯಾಕಿದೆಯೋ, ದೇವರೇ ಬಲ್ಲ.

ಕ್ಯಾಂಟೀನಿನಲ್ಲಿ ಸಿಕ್ಕಾಗ ಕೇಳಿದೆ: "ಎರಡು ವರ್ಷ ಬಿಟ್ಟದ್ದನ್ನ ಯಾಕಮ್ಮ ಬರೀಲಿಲ್ಲ?"

"ಅದೇನು ಸಾಧನೆ ಅಲ್ಲಲ್ರೀ ಸರ್" ಎಂದಳು, ಇಡ್ಲಿ ಮುರಿಯುತ್ತ. "ವಯಸ್ಸು ದಾಟೇದ ಅಂತ ಗೊತ್ತಿತ್ತು. ಗೈಡ್ ಹಾಕು ಅಂದ್ರು, ಹಾಕಿದೆ."

ನನಗೆ ಕಾಡಿದ್ದು ವಯಸ್ಸಿಗಿಂತ ಅವಳು ಆರಿಸಿಕೊಂಡ ಜೀವಿ. ಲ್ಯಾಬುಗಳಲ್ಲಿ ಎಲ್ಲರೂ ಬಳಸುವ ಇ. ಕೋಲಿ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಎರಡಾಗುತ್ತದೆ. ಸಂಜೆ ಬಿತ್ತಿದರೆ ಬೆಳಗ್ಗೆ ಪೈರು. ಕ್ಷಯದ ಬ್ಯಾಕ್ಟೀರಿಯಾಕ್ಕೆ ಎರಡಾಗಲು ಇಪ್ಪತ್ತು ಗಂಟೆ ಬೇಕು. ರೋಗಿಯ ಕಫದಿಂದ ತೆಗೆದು ಬಾಟಲಿಯಲ್ಲಿ ಬೆಳೆಸಿದರೆ ಕಣ್ಣಿಗೆ ಕಾಣಲು ಮೂರು ವಾರ, ಕೆಲವೊಮ್ಮೆ ಎಂಟು ವಾರ. ನಡುವೆ ಬೂಷ್ಟು ಹಿಡಿದರೆ ಮೊದಲಿಂದ ಶುರು. ನೈತಿಕ ಸಮಿತಿಯ ಒಪ್ಪಿಗೆ, ಆಸ್ಪತ್ರೆಯ ಒಪ್ಪಿಗೆ, ಆಮೇಲೆ ರೋಗಿಯ ಸಹಿ. ಸಾಮಾನ್ಯ ಕ್ಷಯದ ಚಿಕಿತ್ಸೆಯೇ ಆರು ತಿಂಗಳು; ಅಷ್ಟು ಕಾಲ ರೋಗಿಯ ಬೆನ್ನು ಬೀಳಬೇಕು. ಊರಿಗೆ ಹೋದವರು ಫೋನೇ ಎತ್ತುವುದಿಲ್ಲ. ಅವಳ ಪಟ್ಟಿಯಲ್ಲಿ ಇದ್ದದ್ದು ಎರಡೇ ಲೇಖನ. ಎದುರಿಗಿದ್ದ ಇನ್ನೊಬ್ಬ ಹುಡುಗ 29ರವನು, ಬೇರೆಯವರು ಕೂಡಿಟ್ಟ ಜೀನ್ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜಾಲಾಡುವವನು, ಏಳು ಲೇಖನ. ಅವನೂ ನಿಜಕ್ಕೂ ಜಾಣ. ತಕರಾರಿರುವುದು ಅವನ ಮೇಲಲ್ಲ.

ಚಿಕ್ಕ ವಯಸ್ಸಿನಲ್ಲೇ ಗುರುತಿಸಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಬೆಂಗಳೂರಿನ ಇನ್ಫೋಸಿಸ್ ಸೈನ್ಸ್ ಫೌಂಡೇಶನ್ 2024ರಲ್ಲಿ ತನ್ನ ಪ್ರಶಸ್ತಿಯ ವಯೋಮಿತಿಯನ್ನು 50ರಿಂದ 40ಕ್ಕೆ ಇಳಿಸಿತು. ಆ ವರ್ಷ ಜೀವವಿಜ್ಞಾನದ ಬಹುಮಾನ ಪುಣೆಯ ಐಸರ್‌ನ ಸಿದ್ಧೇಶ್ ಕಾಮತ್ ಅವರಿಗೆ ಬಂತು. ಭಟ್ನಾಗರ್ ಪ್ರಶಸ್ತಿಗೆ 45. ಸ್ವಂತ ಲ್ಯಾಬ್ ಕಟ್ಟುವ ಹೊತ್ತಿನಲ್ಲಿ ಸಿಕ್ಕ ಗೌರವ ಮುಂದಿನ ಅನುದಾನಕ್ಕೂ ದಾರಿಯಾಗುತ್ತದೆ. ನಿವೃತ್ತಿಯ ಅಂಚಿನಲ್ಲಿ ಹೊದಿಸುವ ಶಾಲು ಹೊದಿಕೆಯಷ್ಟೇ. ಆದರೆ ಗೆರೆ ಕೆಳಗಿಳಿದಷ್ಟೂ ನಿಧಾನದ ಕೆಲಸ ಹಿಡಿದವರು, ಮಗುವಿಗಾಗಿ ನಿಂತವರು ಮೊದಲು ಹೊರಗೆ ಉಳಿಯುತ್ತಾರೆ.

ಇದನ್ನು ಹೇಳಲು ನನಗೆ ಸ್ವಲ್ಪ ಸಂಕೋಚವೂ ಇದೆ. ಇಲ್ಲಿಗೆ ಬಂದ ಮರುವರ್ಷ, 33ರಲ್ಲಿ, ನನಗೂ ಇಂಥದೊಂದು ಪದಕ ಬಂದಿತ್ತು. ಮಗ ಹುಟ್ಟಿದ್ದು ಅದೇ ವರ್ಷ. ನನ್ನ ಅರ್ಜಿಯಲ್ಲಿ ಒಂದು ದಿನದ ಬಿಡುವೂ ಇರಲಿಲ್ಲ. ಆ ಬಿಡುವು ಬಿದ್ದದ್ದು, ದಾವಣಗೆರೆಯ ಹೈಸ್ಕೂಲ್ ಕೆಲಸ ಬಿಟ್ಟು ನನ್ನ ಜೊತೆ ಬಂದ ಹೆಂಡತಿಯ ಲೆಕ್ಕಕ್ಕೆ.

ಸಭೆಯಲ್ಲಿ ಎರಡು ವರ್ಷದ ಸಡಿಲಿಕೆ ಕೇಳಿದೆ. ಒಬ್ಬರು ಬೆಂಬಲಿಸಿದರು. ಉಳಿದವರು "ಮುಂದಿನ ವರ್ಷ ನಿಯಮ ನೋಡೋಣ" ಎಂದರು, ನಡಾವಳಿಯಲ್ಲಿ ಹಾಗೇ ಬರೆಯಲಾಯಿತು. ಹುಡುಗನ ಹೆಸರಿನ ಹಾಳೆಗೆ ನಾನೂ ಸಹಿ ಹಾಕಿದೆ. ಮುಂದಿನ ವರ್ಷ ಅವಳಿಗೆ 37.

ಇದೇ ಊರಿನಲ್ಲಿ ಇಂಡಿಯಾ ಅಲಯನ್ಸ್ ಕಚೇರಿ ಇದೆ. ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ 2008ರಲ್ಲಿ ಸೇರಿ ಶುರುಮಾಡಿದ್ದು. ಅವರ ಆರಂಭಿಕ ಫೆಲೋಶಿಪ್‌ಗೆ ವಯಸ್ಸಿನ ಮಿತಿ ಇಟ್ಟಿಲ್ಲ; ನೋಡುವುದು ಪಿಎಚ್.ಡಿ ನಂತರದ ಅನುಭವವನ್ನು, ಬಿಡುವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಐದು ವರ್ಷದ ನೆರವು, ಶಾಲಿಗಿಂತ ಬೆಚ್ಚಗಿನದು. ಅದಕ್ಕೆ ಹಾಕು ಅಂದೆ.

ಕಳೆದ ವಾರ ಕರಡು ತಂದು ತೋರಿಸಿದಳು. ಈ ಸಲ ಬಿಡುವಿನ ಬಗ್ಗೆ ಮೂರು ಸಾಲು ಬರೆದಿದ್ದಳು. ಮೊದಲನೆಯದು ಶುರುವಾಗಿದ್ದೇ "ವಿಷಾದಿಸುತ್ತೇನೆ" ಎಂದು. ಆ ಒಂದು ಪದ ಹೊಡೆದುಹಾಕಿ ಹಾಳೆ ವಾಪಸ್ ಕೊಟ್ಟೆ.